ಕ್ಲಿಪ್ ಮಾಡಿದ ಜಾಗ ಖಾಲಿ ಕಂಡರೆ: ಆಟೋಕ್ಯಾಡ್‌ನಲ್ಲಿ ಎಕ್ಸ್‌ರೆಫ್ ಮತ್ತು ಚಿತ್ರಗಳ ದೋಷ ಹುಡುಕುವ ಬಗೆ

ನಕ್ಷೆ ಬರೆಯುವ ತಂತ್ರಾಂಶ ಆಟೋಕ್ಯಾಡ್‌ನಲ್ಲಿ ಎಕ್ಸ್‌ರೆಫ್ (ನಮ್ಮ ಡ್ರಾಯಿಂಗಿಗೆ ಹೊರಗಿನಿಂದ ಜೋಡಿಸಿದ ಇನ್ನೊಂದು ಡ್ರಾಯಿಂಗ್) ಕ್ಲಿಪ್ ಮಾಡಿದ, ಅಂದರೆ ಬೇಕಾದ ಭಾಗವಷ್ಟೇ ಕಾಣುವಂತೆ ಮಾಡಿದ, ಜಾಗದಲ್ಲಿ ಏನೂ ಕಾಣುತ್ತಿಲ್ಲ ಎಂದು ಯಾರಾದರೂ ಫೋನ್ ಮಾಡಿದರೆ ನಾನು ಮೊದಲು ಕೇಳುವುದು ಒಂದೇ: ನಿನ್ನೆ ಕಾಣುತ್ತಿತ್ತೇ? ನಿನ್ನೆ ಕಂಡದ್ದು ಇವತ್ತು ಮಾಯವಾಗಿದ್ದರೆ ಕ್ಲಿಪ್ಪನ್ನು ಮುಟ್ಟಬೇಡಿ. ತಪ್ಪು ಬಹುತೇಕ ಅದರ ಹಿಂದಿನ ಕಡತದಲ್ಲಿರುತ್ತದೆ. ಮೊದಲ ಸಲವೇ ಕಾಣದಿದ್ದರೆ ಕ್ಲಿಪ್ ಹಾಕಿದ ಕೈಯನ್ನು ಅನುಮಾನಿಸಿ. ಈ ಪ್ರಶ್ನೆಗೆ ಉತ್ತರ ಸಿಗುವ ಮೊದಲೇ ಹೆಚ್ಚಿನವರು ಹಳೆಯ ಕ್ಲಿಪ್ ಅಳಿಸಿ ಹೊಸದು ಹಾಕಿಬಿಡುತ್ತಾರೆ. ಅದರ ಜೊತೆಗೆ ಸುಳಿವೂ ಅಳಿಸಿಹೋಗುತ್ತದೆ. ಕಳ್ಳತನವಾದ ಮನೆಯನ್ನು ಪೊಲೀಸರು ಬರುವ ಮೊದಲೇ ಗುಡಿಸಿ ಸಾರಿಸಿದ ಹಾಗೆ.

ಕೋಲಾರದಲ್ಲಿ ನಮ್ಮದು ಎರಡು ಕಂಪ್ಯೂಟರುಗಳ ಸಣ್ಣ ನಕ್ಷೆ ಕಚೇರಿ. ಬಡಾವಣೆ ನಕ್ಷೆ, ಮನೆ ಪ್ಲಾನು, ನರಸಾಪುರ ಮತ್ತು ವೇಮಗಲ್ ಕಡೆಯ ಶೆಡ್ಡುಗಳು, ಇಷ್ಟೇ ಕೆಲಸ. ಸರ್ವೆ ಮಾಡಿದವರ ಡ್ರಾಯಿಂಗನ್ನು ಎಕ್ಸ್‌ರೆಫ್ ಆಗಿ ತರುತ್ತೇವೆ, ಗ್ರಾಮ ನಕ್ಷೆಯ ಸ್ಕ್ಯಾನನ್ನು ಚಿತ್ರವಾಗಿ ಅದರಡಿ ಇಡುತ್ತೇವೆ, ಎರಡನ್ನೂ ನಮಗೆ ಬೇಕಾದ ಸರ್ವೆ ನಂಬರಿನಷ್ಟಕ್ಕೆ ಕ್ಲಿಪ್ ಮಾಡುತ್ತೇವೆ. ದಿನಕ್ಕೆ ಹತ್ತು ಸಲ ಮಾಡುವ ಕೆಲಸವಾದ್ದರಿಂದ ಅದು ಕೆಡುವ ಬಗೆಗಳೂ ಬಾಯಿಪಾಠವಾಗಿವೆ.

ಕ್ಲಿಪ್ ಎಂದರೆ ಕತ್ತರಿಸುವುದು ಎಂದುಕೊಂಡವರು ಇಲ್ಲಿ ದಾರಿ ತಪ್ಪುತ್ತಾರೆ. ಫೋಟೊಗೆ ಕಟ್ಟು ಹಾಕುವ ಅಂಗಡಿಯಲ್ಲಿ ಗಾಜಿನ ಕೆಳಗೆ ಒಂದು ರಟ್ಟು ಇಡುತ್ತಾರಲ್ಲ, ನಡುವೆ ಚೌಕವಾಗಿ ಕೊರೆದದ್ದು, ಕ್ಲಿಪ್ ಅದು. ಫೋಟೊ ರಟ್ಟಿನ ಹಿಂದೆ ಪೂರ್ತಿಯಾಗಿಯೇ ಇರುತ್ತದೆ. ಕೊರೆದ ಜಾಗದಲ್ಲಿ ಬಿಳಿ ಕಂಡರೆ ಫೋಟೊ ಹಿಂದೆ ಜಾರಿರಬಹುದು, ಫೋಟೊ ಇಡುವುದೇ ಮರೆತಿರಬಹುದು, ಅಥವಾ ಕೊರೆದ ತುಂಡನ್ನೇ ರಟ್ಟೆಂದು ಇಟ್ಟಿರಬಹುದು. ಆಟೋಕ್ಯಾಡ್‌ನಲ್ಲೂ ಹೆಚ್ಚುಕಡಿಮೆ ಇವೇ ಮೂರು.

ಮೊದಲು ಅದು ಏನೆಂದು ತಿಳಿಯಿರಿ

ಪರದೆಯ ಮೇಲೆ ಎಲ್ಲವೂ ಗೆರೆ ಮತ್ತು ಬಣ್ಣವಾಗಿ ಕಾಣುವುದರಿಂದ ಯಾವುದು ಯಾವ ಜಾತಿ ಎಂದು ಕಣ್ಣಿಗೆ ತಿಳಿಯುವುದಿಲ್ಲ. ಲಿಸ್ಟ್ ಆಜ್ಞೆ ಕೊಟ್ಟು ವಸ್ತುವನ್ನು ಮುಟ್ಟಿ. ಅದರ ಹೆಸರನ್ನು ಅದೇ ಹೇಳುತ್ತದೆ. ಎಕ್ಸ್‌ರೆಫ್ ಅಥವಾ ಬ್ಲಾಕ್ (ಒಂದೇ ವಸ್ತುವಾಗಿ ಕಟ್ಟಿದ ಗೆರೆಗಳ ಗುಂಪು) ಆದರೆ ಎಕ್ಸ್‌ಕ್ಲಿಪ್ ಆಜ್ಞೆ. ರಾಸ್ಟರ್ ಚಿತ್ರ (ಸ್ಕ್ಯಾನ್, ಫೋಟೊ) ಆದರೆ ಇಮೇಜ್‌ಕ್ಲಿಪ್. ಪಿಡಿಎಫ್ ಅಂಡರ್‌ಲೇ (ನಕ್ಷೆಯಡಿ ಇಟ್ಟ ಪಿಡಿಎಫ್) ಆದರೆ ಪಿಡಿಎಫ್‌ಕ್ಲಿಪ್. ಈಗಿನ ಆವೃತ್ತಿಗಳಲ್ಲಿ ಬರೀ ಕ್ಲಿಪ್ ಎಂದು ಕೊಟ್ಟರೆ ಸಾಕು, ವಸ್ತುವಿನ ಜಾತಿ ನೋಡಿ ಅದೇ ನಿರ್ಧರಿಸುತ್ತದೆ. ಆದರೂ ಹಳೆಯ ಕೈಗಳು ಹಳೆಯ ಆಜ್ಞೆಯನ್ನೇ ಒತ್ತುತ್ತವೆ, ನನ್ನದೂ ಸೇರಿ.

ಗ್ರಾಮ ನಕ್ಷೆಯ ವಿಷಯದಲ್ಲಿ ಈ ಗೊಂದಲ ಹೆಚ್ಚು. ಭೂ ದಾಖಲೆಗಳ ಇಲಾಖೆಯ ಜಾಲತಾಣದಿಂದ ಇಳಿಸಿದ್ದು ಪಿಡಿಎಫ್. ಝೆರಾಕ್ಸ್ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿಸಿದ್ದು ಟಿಫ್ ಅಥವಾ ಜೆಪೆಗ್. ಎರಡೂ ನೋಡಲು ಒಂದೇ. ಪಿಡಿಎಫ್ ಮೇಲೆ ಇಮೇಜ್‌ಕ್ಲಿಪ್ ಪ್ರಯೋಗಿಸಿ, ಅದು ಆಯ್ಕೆಯನ್ನೇ ಒಪ್ಪುತ್ತಿಲ್ಲ ಎಂದು ಅರ್ಧ ಗಂಟೆ ಕಳೆದವರನ್ನು ನೋಡಿದ್ದೇನೆ.

ಇನ್ನೊಂದು ಜಾತಿ ಯಾವ ಕ್ಲಿಪ್ಪಿಗೂ ಬಗ್ಗುವುದಿಲ್ಲ. ಉಪಗ್ರಹ ನಕ್ಷೆಯ ಸ್ಕ್ರೀನ್‌ಶಾಟ್ ತೆಗೆದು ನೇರವಾಗಿ ಡ್ರಾಯಿಂಗಿನಲ್ಲಿ ಪೇಸ್ಟ್ ಮಾಡಿದರೆ ಅದು ಚಿತ್ರವಾಗಿ ಕೂರುವುದಿಲ್ಲ, ಓಎಲ್‌ಇ ವಸ್ತುವಾಗಿ, ಅಂದರೆ ಬೇರೆ ತಂತ್ರಾಂಶದಿಂದ ತಂದು ಅಂಟಿಸಿದ ತುಂಡಾಗಿ, ಕೂರುತ್ತದೆ. ಅದನ್ನು ಅಳಿಸಿ, ಸ್ಕ್ರೀನ್‌ಶಾಟನ್ನು ಕಡತವಾಗಿ ಉಳಿಸಿ, ಇಮೇಜ್‌ಅಟ್ಯಾಚ್ ಮೂಲಕ ತನ್ನಿ. ಬೇರೆ ಉಪಾಯ ಹುಡುಕುವುದು ದಂಡ.

ಖಾಲಿ ಕಿಟಕಿ

ಖಾಲಿಯಾಗಿ ಕಾಣುವುದನ್ನು ಮುಟ್ಟಿ ಆರಿಸುವುದಾದರೂ ಹೇಗೆ? ಮೊದಲು ಫ್ರೇಮ್ ಎಂಬ ಚರಾಂಶವನ್ನು (ಆಟೋಕ್ಯಾಡ್‌ನ ಒಂದು ಸೆಟ್ಟಿಂಗ್) 1 ಮಾಡಿ, ಪರದೆಯನ್ನು ಹೊಸದಾಗಿ ಬರೆಸುವ ರೀಜೆನ್ ಕೊಡಿ. ಎಲ್ಲ ಕ್ಲಿಪ್ಪುಗಳ ಅಂಚು ಮೇಲೆದ್ದು ಬರುತ್ತದೆ. ಅಂಚೂ ಬರದಿದ್ದರೆ ಎಕ್ಸ್‌ರೆಫ್ ಇಟ್ಟಿರುವ ಲೇಯರ್ (ವಸ್ತುಗಳನ್ನು ಗುಂಪು ಮಾಡಿಡುವ ಪಾರದರ್ಶಕ ಹಾಳೆಯಂಥದ್ದು) ಫ್ರೀಝ್ ಆಗಿದೆಯೇ, ಅಂದರೆ ಅಡಗಿಸಿಟ್ಟಿದೆಯೇ ನೋಡಿ. ಎಕ್ಸ್‌ರೆಫ್ ತರುವಾಗ ಯಾವ ಲೇಯರ್ ಚಾಲ್ತಿಯಲ್ಲಿತ್ತೋ ಅದರ ಮೇಲೆ ಅದು ಕೂತಿರುತ್ತದೆ. ಆ ಲೇಯರನ್ನು ಫ್ರೀಝ್ ಮಾಡಿದರೆ ಒಳಗಿನ ನೂರು ಲೇಯರುಗಳು ಸರಿಯಿದ್ದರೂ ಇಡೀ ಎಕ್ಸ್‌ರೆಫ್ ಮಾಯ. ನಕ್ಷೆ ಬರೆಯುವ ಮಾಡೆಲ್‌ನಲ್ಲಿ ಕಂಡು ಪ್ರಿಂಟಿಗೆ ಜೋಡಿಸುವ ಲೇಔಟ್ ಹಾಳೆಯಲ್ಲಿ ಮಾತ್ರ ಕಾಣದಿದ್ದರೆ ಹಾಳೆಯ ಆ ಕಿಟಕಿಯಲ್ಲಿ, ಅಂದರೆ ವ್ಯೂಪೋರ್ಟಿನಲ್ಲಿ, ಮಾತ್ರ ಫ್ರೀಝ್ ಆಗಿರುತ್ತದೆ.

ಅಂಚು ಬಂತು, ಒಳಗೆ ಏನೂ ಇಲ್ಲ. ಈಗ ಎಕ್ಸ್‌ಕ್ಲಿಪ್ ಕೊಟ್ಟು, ಆ ಅಂಚನ್ನು ಆರಿಸಿ, ಆಫ್ ಮಾಡಿ. ಡಿಲೀಟ್ ಅಲ್ಲ, ಆಫ್. ಆಫ್ ಎಂದರೆ ರಟ್ಟನ್ನು ಪಕ್ಕಕ್ಕೆ ತೆಗೆದಿಟ್ಟ ಹಾಗೆ. ಆನ್ ಕೊಟ್ಟರೆ ಅದೇ ಜಾಗಕ್ಕೆ ಮರಳುತ್ತದೆ. ನಂತರ ಡ್ರಾಯಿಂಗಿನಲ್ಲಿರುವುದನ್ನೆಲ್ಲ ಪರದೆಗೆ ತರುವ ಝೂಮ್ ಎಕ್ಸ್‌ಟೆಂಟ್ಸ್. ಗೆರೆಗಳು ಅಲ್ಲೇ ಅಂಚಿನ ಒಳಗೆ ಕಂಡರೆ ಕ್ಲಿಪ್ ತಿರುಗುಮುರುಗಾಗಿದೆ. ಎಲ್ಲೋ ದೂರದಲ್ಲಿ ಚುಕ್ಕೆಯಂತೆ ಕಂಡರೆ ಕಡತ ಜಾರಿದೆ. ಎಲ್ಲಿಯೂ ಕಾಣದಿದ್ದರೆ ಕಡತವೇ ಬಂದಿಲ್ಲ ಅಥವಾ ಅದರ ಒಳಗಿನ ಲೇಯರುಗಳು ಮುಚ್ಚಿವೆ.

ತಿರುಗುಮುರುಗಾಗುವುದು ಒಂದು ಕ್ಲಿಕ್ಕಿನ ತಪ್ಪು. ಅಂಚನ್ನು ಆರಿಸಿದಾಗ ಅದರ ಮೇಲೆ ಒಂದು ಸಣ್ಣ ಬಾಣ ಕಾಣುತ್ತದೆ. ಮೌಸ್ ಜಾರಿ ಅದರ ಮೇಲೆ ಬಿದ್ದರೆ ಒಳಗಿನದು ಅಡಗಿ ಹೊರಗಿನದು ಕಾಣುತ್ತದೆ. ನಿಮ್ಮ ಹೊಲ ಬಿಟ್ಟು ಊರೆಲ್ಲ ಕಂಡರೆ ಇದೇ. ಬಾಣವನ್ನು ಮತ್ತೆ ಒತ್ತಿ, ಮುಗಿಯಿತು.

ಕಡತ ಜಾರಿದ್ದರೆ ಅಷ್ಟು ಸುಲಭವಲ್ಲ. ಕೋಲಾರ ಪಟ್ಟಣದ ಪೂರ್ವಕ್ಕೆ ಒಂದು ಬಡಾವಣೆ ಮಾಡುತ್ತಿದ್ದೆವು. ಸರ್ವೆ ಡ್ರಾಯಿಂಗ್ ಎಕ್ಸ್‌ರೆಫ್ ಆಗಿ ಕೂತಿತ್ತು, ಕ್ಲಿಪ್ ಚೆನ್ನಾಗಿತ್ತು. ಸರ್ವೆಯವರು ಕಾಲುವೆಯ ಅಂಚು ತಿದ್ದಿದ ಹೊಸ ಕಡತವನ್ನು ಅದೇ ಹೆಸರಿನಲ್ಲಿ ಕಳಿಸಿದರು. ನಮ್ಮ ಹುಡುಗ ಹಳೆಯದರ ಮೇಲೆ ಅದನ್ನು ಹಾಕಿ ರೀಲೋಡ್ ಒತ್ತಿದ.

"ಅಣ್ಣ, ಕ್ಲಿಪ್ ಒಳಗೆ ಏನೂ ಇಲ್ಲ. ಇನ್ನೊಂದು ಸಲ ಹಾಕಲೇ?"

"ಮುಟ್ಟಬೇಡಪ್ಪ. ಆಫ್ ಮಾಡಿ ಎಕ್ಸ್‌ಟೆಂಟ್ಸ್ ಕೊಡು."

ಪರದೆಯ ಎಡ ತುದಿಯಲ್ಲಿ ಒಂದು ಧೂಳಿನ ಕಣ, ಬಲ ತುದಿಯಲ್ಲಿ ಇನ್ನೊಂದು. ಎಡದ್ದು ನಮ್ಮ ಬಡಾವಣೆ, ಬಲದ್ದು ಸರ್ವೆ. ಬಿಂದುವಿನ ಸ್ಥಾನದ ಅಂಕಿಗಳನ್ನು ಹೇಳುವ ಐಡಿ ಆಜ್ಞೆ ಕೊಟ್ಟು ಎರಡರಲ್ಲೂ ಒಂದೇ ಸರ್ವೆ ಕಲ್ಲನ್ನು ಮುಟ್ಟಿದೆವು. ನಮ್ಮಲ್ಲಿ ಪೂರ್ವದ ಅಂಕಿ ಸುಮಾರು 1,89,000 ಮೀಟರ್, ಅವರಲ್ಲಿ ಸುಮಾರು 8,39,000. ಉತ್ತರದ ಅಂಕಿಯಲ್ಲಿ ವ್ಯತ್ಯಾಸ ಕೆಲವು ನೂರು ಮೀಟರ್ ಮಾತ್ರ. ಆ ಆರೂವರೆ ಲಕ್ಷ ನೋಡಿದ ಕೂಡಲೇ ವಿಷಯ ತಿಳಿಯಿತು.

ಸರ್ವೆಯವರು ಸ್ಥಾನ ಗುರುತಿಸಲು ಬಳಸುವ ಯುಟಿಎಂ ಪದ್ಧತಿಯಲ್ಲಿ ಭೂಮಿಯನ್ನು ಆರು ಡಿಗ್ರಿಗಳ ಪಟ್ಟಿಗಳಾಗಿ, ಅಂದರೆ ವಲಯಗಳಾಗಿ ಹಂಚಿದ್ದಾರೆ, ಪ್ರತಿ ವಲಯಕ್ಕೂ ಪೂರ್ವದ ಎಣಿಕೆ ಬೇರೆ. 43ನೆಯ ವಲಯ 72ರಿಂದ 78 ಡಿಗ್ರಿ ಪೂರ್ವ ರೇಖಾಂಶದವರೆಗೆ, 44ನೆಯದು 78ರಿಂದ 84ರವರೆಗೆ. ಆ 78ರ ಗೆರೆ ನಮ್ಮ ಸೀಮೆಯ ನಡುವೆಯೇ ಹಾದುಹೋಗುತ್ತದೆ. ಬೆಂಗಳೂರು, ತುಮಕೂರು, ಚಿಕ್ಕಬಳ್ಳಾಪುರ, ಮಾಲೂರು ಪಟ್ಟಣಗಳು 43ರಲ್ಲಿವೆ. ಕೋಲಾರ, ಬಂಗಾರಪೇಟೆ, ಮುಳಬಾಗಿಲು, ಶ್ರೀನಿವಾಸಪುರ 44ರಲ್ಲಿ. ಚಿಂತಾಮಣಿ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದರೂ ಪಟ್ಟಣ ಗೆರೆಯಾಚೆ, 44ರಲ್ಲೇ ಬೀಳುತ್ತದೆ. ಸರ್ವೆಯವರು ಹಿಂದಿನ ವಾರ ಚಿಕ್ಕಬಳ್ಳಾಪುರದಲ್ಲಿ ಕೆಲಸ ಮಾಡಿದ್ದರು. ಯಂತ್ರ 43ಕ್ಕೇ ನಿಂತಿತ್ತು.

ಹುಡುಗ ಸುಲಭದ ದಾರಿ ಹೇಳಿದ: ಎಕ್ಸ್‌ರೆಫನ್ನು ಹಿಡಿದು ಆ ಕಲ್ಲಿನಿಂದ ಈ ಕಲ್ಲಿಗೆ ಮೂವ್ ಮಾಡಿದರೆ ಆಯಿತಲ್ಲ? ಆಗುವುದಿಲ್ಲ, ಅದೇ ಮೋಸ. ಎರಡೂ ವಲಯಗಳ ಉತ್ತರ ದಿಕ್ಕು ಒಂದೇ ಅಲ್ಲ. ಕೋಲಾರ ಎರಡೂ ವಲಯಗಳ ಅಂಚಿನಲ್ಲಿರುವುದರಿಂದ ಒಂದರ ಜಾಲರಿ ಹೀಗೆ ವಾಲಿದರೆ ಇನ್ನೊಂದರದು ಹಾಗೆ ವಾಲುತ್ತದೆ. ಒಟ್ಟು ವ್ಯತ್ಯಾಸ ಸುಮಾರು 1.36 ಡಿಗ್ರಿ. ಕೇಳಲು ಚಿಲ್ಲರೆ. ಆದರೆ 300 ಮೀಟರ್ ದೂರದಲ್ಲಿ ಅದು ಏಳು ಮೀಟರ್ ಪಕ್ಕಕ್ಕೆ ಹೋಗುತ್ತದೆ. ಏಳು ಮೀಟರ್ ಎಂದರೆ ಬಡಾವಣೆಯ ಒಂದು ರಸ್ತೆ ಪಕ್ಕದವರ ಮಾವಿನ ತೋಪಿನೊಳಗೆ. ಹಾಗೆ ಎಳೆದಿದ್ದರೆ ಮೇಲ್ನೋಟಕ್ಕೆ ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು, ಕಲ್ಲಿನ ಬಳಿ ಗೆರೆಗಳು ಕೂಡುತ್ತಿದ್ದವು, ತಪ್ಪು ಕಣ್ಣಿಗೆ ಬೀಳುವ ಹೊತ್ತಿಗೆ ಬೇಲಿಯ ಕಂಬ ನೆಟ್ಟಾಗಿರುತ್ತಿತ್ತು. ಸರ್ವೆಯವರಿಗೆ ಫೋನ್ ಮಾಡಿ 44ಕ್ಕೆ ಪರಿವರ್ತಿಸಿ ಕಳಿಸಿ ಎಂದೆವು. ಹತ್ತು ನಿಮಿಷದಲ್ಲಿ ಬಂತು. ರೀಲೋಡ್, ಕ್ಲಿಪ್ ಆನ್, ಎಲ್ಲವೂ ಹಳೆಯ ಜಾಗದಲ್ಲೇ. ಕ್ಲಿಪ್ಪನ್ನು ಯಾರೂ ಮುಟ್ಟಿರಲಿಲ್ಲವಾದ್ದರಿಂದ ಮತ್ತೆ ಹಾಕುವ ಕೆಲಸವೂ ಬೀಳಲಿಲ್ಲ.

ವಲಯದ ಮಾತಿಲ್ಲದೆಯೂ ಕಡತ ಜಾರುತ್ತದೆ. ಮೊದಲು 1000, 1000 ಎಂಬ ಸ್ಥಳೀಯ ಅಂಕಿಗಳಲ್ಲಿ ಬರೆದು ಆಮೇಲೆ ಯುಟಿಎಂಗೆ ಒಯ್ದವರು ಇರುತ್ತಾರೆ. ಡ್ರಾಯಿಂಗ್ ದೂರ ಇದೆ ಎಂದು ಬೇಸರಪಟ್ಟು ಎಲ್ಲವನ್ನೂ ಎಳೆದು ಮೂಲಬಿಂದುವಿಗೆ ತಂದವರೂ ಇರುತ್ತಾರೆ. ಪರೀಕ್ಷೆ ಅದೇ: ಒಂದೇ ಕಲ್ಲು, ಎರಡು ಐಡಿ.

ಎತ್ತರದ ಗೆರೆಗಳಿರುವ ಡ್ರಾಯಿಂಗಿನಲ್ಲಿ ಒಂದು ಅಪರೂಪದ ತಪ್ಪು ಉಂಟು. ಎಕ್ಸ್‌ಕ್ಲಿಪ್‌ನಲ್ಲಿ ಕ್ಲಿಪ್‌ಡೆಪ್ತ್ ಎಂಬ ಆಯ್ಕೆ ಇದೆ; ಮುಂದೆ ಮತ್ತು ಹಿಂದೆ ಒಂದೊಂದು ಪದರ ಹಾಕಿ ಅವುಗಳ ನಡುವಿನದನ್ನು ಮಾತ್ರ ತೋರಿಸುತ್ತದೆ. ನಮ್ಮ ಕಡೆ ಸಮುದ್ರಮಟ್ಟದಿಂದ ಎಂಟುನೂರು ಮೀಟರ್ ಆಸುಪಾಸಿನಲ್ಲಿರುವ ನೆಲ ಹೆಚ್ಚು. ಯಾರೋ ತಿಳಿಯದೆ ಸೊನ್ನೆಯ ಹತ್ತಿರ ಆ ಪದರಗಳನ್ನು ಹಾಕಿದ್ದರೆ ಕಟ್ಟಡ ಕಾಣುತ್ತದೆ, ಎತ್ತರದ ಗೆರೆಗಳು ಕಾಣುವುದಿಲ್ಲ. ಕ್ಲಿಪ್‌ಡೆಪ್ತ್ ಒಳಗೇ ರಿಮೂವ್ ಇದೆ.

ಹೊಸ ಕ್ಲಿಪ್ ಹಿಡಿಯುವುದೇ ಇಲ್ಲ

ಹಳೆಯ ಕ್ಲಿಪ್ ಇರುವ ಎಕ್ಸ್‌ರೆಫ್‌ಗೆ ಹೊಸದು ಹಾಕಲು ಹೋದರೆ ಹಳೆಯದನ್ನು ಅಳಿಸಲೇ ಎಂದು ಕೇಳುತ್ತದೆ. ಬೇಡ ಎಂದರೆ ಆಜ್ಞೆ ಅಲ್ಲಿಗೇ ಮುಗಿಯುತ್ತದೆ, ಏಕೆಂದರೆ ಒಂದು ಎಕ್ಸ್‌ರೆಫ್‌ಗೆ ಒಂದೇ ಕಿಟಕಿ. ಎರಡು ಕಡೆ ತೋರಿಸಬೇಕಾದರೆ ಎಕ್ಸ್‌ರೆಫನ್ನು ಅದೇ ಜಾಗದಲ್ಲಿ ಕಾಪಿ ಮಾಡಿ, ಎರಡನೆಯದಕ್ಕೆ ಬೇರೆ ಕ್ಲಿಪ್ ಹಾಕಿ.

ಪಾಲಿಲೈನನ್ನು (ಹಲವು ತುಂಡುಗಳು ಸೇರಿ ಒಂದಾದ ಗೆರೆ) ಅಂಚಾಗಿ ಆರಿಸುವವರು ನೆನಪಿಡಬೇಕಾದದ್ದು: ಗೆರೆ ನೇರ ತುಂಡುಗಳದ್ದಾಗಿರಬೇಕು, ತನ್ನನ್ನು ತಾನೇ ದಾಟಬಾರದು. ಕೆರೆಯ ಅಂಚಿಗೆ ಕ್ಲಿಪ್ ಮಾಡುವಾಗ ಇದು ಕಾಡುತ್ತದೆ. ನಮ್ಮ ಜಿಲ್ಲೆಯಲ್ಲಿ ಕೆರೆ ತಪ್ಪಿಸಿ ನಕ್ಷೆ ಬರೆಯುವುದು ಸಾಧ್ಯವಿಲ್ಲ. ಬಾಗಿದ ಅಂಚಿನ ಮೇಲೆ ಚಿಕ್ಕ ಚಿಕ್ಕ ನೇರ ತುಂಡುಗಳ ಹೊಸ ಪಾಲಿಲೈನ್ ಎಳೆದು ಅದನ್ನು ಕೊಡಿ. ಕಾಗದದ ಮೇಲೆ ವ್ಯತ್ಯಾಸ ತಿಳಿಯುವುದಿಲ್ಲ.

ಚಿತ್ರಗಳ ರಗಳೆ

ಪ್ರಿಂಟ್ ತೆಗೆದಾಗ ಗ್ರಾಮ ನಕ್ಷೆಯ ಸುತ್ತ ಬೇಡದ ಕರಿ ಚೌಕ ಬರುತ್ತದೆ ಎಂಬುದು ನಾನು ಅತಿ ಹೆಚ್ಚು ಕೇಳಿದ ದೂರು. ಇಮೇಜ್‌ಫ್ರೇಮ್‌ನ ಬೆಲೆ ಮೊದಲಿಗೆ 1 ಇರುತ್ತದೆ: ಅಂಚು ಕಾಣುತ್ತದೆ, ಪ್ರಿಂಟೂ ಆಗುತ್ತದೆ. 2 ಮಾಡಿದರೆ ಪರದೆಯಲ್ಲಿ ಕಾಣುತ್ತದೆ, ಕಾಗದಕ್ಕೆ ಬರುವುದಿಲ್ಲ. 0 ಮಾಡಿದರೆ ಎಲ್ಲಿಯೂ ಇಲ್ಲ. 0 ಮಾಡಿ ಮರೆತವರು ಆಮೇಲೆ ಚಿತ್ರವನ್ನು ಆರಿಸಲಾಗದೆ ಒದ್ದಾಡುತ್ತಾರೆ. ಆದ್ದರಿಂದ ನಮ್ಮಲ್ಲಿ ಎಂದಿಗೂ 2. ಎಕ್ಸ್‌ಕ್ಲಿಪ್‌ಫ್ರೇಮ್‌ಗೂ ಇದೇ 0, 1, 2, ಪಿಡಿಎಫ್‌ಫ್ರೇಮ್‌ಗೂ ಇದೇ. ಮೇಲೆ ಹೇಳಿದ ಫ್ರೇಮ್ ಚರಾಂಶ ಇವೆಲ್ಲಕ್ಕೂ ಒಟ್ಟಿಗೆ ಯಜಮಾನ. ದೋಷ ಹುಡುಕಲು 1 ಮಾಡಿದ್ದನ್ನು ಪ್ರಿಂಟಿಗೆ ಮೊದಲು 2 ಮಾಡಲು ಮರೆಯಬೇಡಿ.

ಆಯತವಾಗಿ ಕ್ಲಿಪ್ ಮಾಡಿದರೆ ಓರೆಯಾಗಿ ಬರುತ್ತಿದೆ ಎನ್ನುವವರು ಚಿತ್ರವನ್ನು ತಿರುಗಿಸಿ ಕೂರಿಸಿರುತ್ತಾರೆ. ಇಮೇಜ್‌ಕ್ಲಿಪ್‌ನ ಆಯತ ಯಾವಾಗಲೂ ಚಿತ್ರದ ಅಂಚುಗಳಿಗೆ ಸಮಾಂತರವಾಗಿಯೇ ಬೀಳುತ್ತದೆ, ನಿಮ್ಮ ಹಾಳೆಗೆ ಅಲ್ಲ. ಗ್ರಾಮ ನಕ್ಷೆಯನ್ನು ಅಲೈನ್ ಆಜ್ಞೆಯಿಂದ ಎರಡು ಕಲ್ಲುಗಳಿಗೆ ಹೊಂದಿಸಿದಾಗ ಚಿತ್ರ ಸ್ವಲ್ಪ ವಾಲುವುದು ಖಂಡಿತ. ಅಲ್ಲಿ ಪಾಲಿಗನಲ್ ಆರಿಸಿ, ನಾಲ್ಕು ಮೂಲೆಗಳನ್ನು ನೀವೇ ಕೊಡಿ.

ಚಿತ್ರದ ಬದಲು ಬರೀ ಚೌಕ ಕಂಡರೆ ಪ್ರಾಪರ್ಟೀಸ್ ತೆರೆದು ಚಿತ್ರ ತೋರಿಸುವ ಆಯ್ಕೆ ಇಲ್ಲ ಎಂದಿದೆಯೇ ನೋಡಿ. ಕ್ಲಿಪ್ ಕಾಣದೆ ಇಡೀ ಚಿತ್ರ ಕಂಡರೆ ಅದರ ಪಕ್ಕದ ಕ್ಲಿಪ್ ತೋರಿಸುವ ಆಯ್ಕೆ. ಚೌಕದೊಳಗೆ ಕಡತದ ವಿಳಾಸ ಬರೆದಂತೆ ಕಂಡರೆ ಚಿತ್ರವೇ ಸಿಕ್ಕಿಲ್ಲ.

ಎಕ್ಸ್‌ರೆಫ್ ಒಳಗೆ ಕೂತಿರುವ ಚಿತ್ರವನ್ನು ನಮ್ಮ ಡ್ರಾಯಿಂಗಿನಿಂದ ಇಮೇಜ್‌ಕ್ಲಿಪ್ ಮಾಡಲಾಗದು. ಮೂಲ ಕಡತ ತೆರೆದು ಅಲ್ಲಿ ಮಾಡಬೇಕು, ಇಲ್ಲವೇ ಇಲ್ಲಿ ಇಡೀ ಎಕ್ಸ್‌ರೆಫನ್ನು ಎಕ್ಸ್‌ಕ್ಲಿಪ್ ಮಾಡಬೇಕು. ಒಳಗಿನ ಚಿತ್ರವೂ ಅದರೊಡನೆ ಅಡಗುತ್ತದೆ.

ಪ್ರಿಂಟ್ ಅಂಗಡಿಯಲ್ಲಿ ಮಾತ್ರ ಕಾಣದಿದ್ದರೆ

ಕಚೇರಿಯಲ್ಲಿ ಸರಿ, ಪ್ಲಾಟರ್ ಇರುವ ಅಂಗಡಿಯಲ್ಲಿ ಖಾಲಿ. ಪೆನ್‌ಡ್ರೈವಿನಲ್ಲಿ ಡಿಡಬ್ಲ್ಯುಜಿ (ಆಟೋಕ್ಯಾಡ್ ಡ್ರಾಯಿಂಗ್ ಕಡತ) ಒಂದನ್ನೇ ಒಯ್ದಿರುತ್ತೀರಿ. ಆ ಕಡತದೊಳಗೆ ಚಿತ್ರವೂ ಇಲ್ಲ, ಎಕ್ಸ್‌ರೆಫೂ ಇಲ್ಲ. ಅವು ಎಲ್ಲಿವೆ ಎಂಬ ವಿಳಾಸ ಮಾತ್ರ ಇದೆ. ಮದುವೆಗೆ ಬರೀ ಲಗ್ನಪತ್ರಿಕೆ ಕಳಿಸಿ ಹುಡುಗಿಯನ್ನು ಮನೆಯಲ್ಲೇ ಬಿಟ್ಟ ಹಾಗೆ. ವಿಳಾಸ ಡಿ ಡ್ರೈವಿನಿಂದ ಶುರುವಾಗುವ ಪೂರ್ಣ ವಿಳಾಸವಾದರೆ ಅಂಗಡಿಯ ಡಿ ಡ್ರೈವಿನಲ್ಲಿ ಅದು ಎಲ್ಲಿಂದ ಸಿಗಬೇಕು? ಎಕ್ಸ್‌ಟರ್ನಲ್ ರೆಫರೆನ್ಸಸ್ ಫಲಕದಲ್ಲಿ ವಿಳಾಸವನ್ನು ರಿಲೇಟಿವ್ ಮಾಡಿ, ಎಲ್ಲ ಕಡತಗಳನ್ನೂ ಒಂದೇ ಫೋಲ್ಡರಿನಲ್ಲಿ ಒಯ್ಯಿರಿ. ಇಟ್ರಾನ್ಸ್‌ಮಿಟ್ ಆಜ್ಞೆ ಈ ಗಂಟು ಕಟ್ಟುವ ಕೆಲಸವನ್ನು ತಾನೇ ಮಾಡುತ್ತದೆ. ನಾನಂತೂ ಪಿಡಿಎಫ್ ಮಾಡಿಯೇ ಒಯ್ಯುತ್ತೇನೆ.

ಕಚೇರಿಯ ಪರದೆಯಲ್ಲೇ ಕ್ಲಿಪ್ ಚಿತ್ರವಿಚಿತ್ರವಾಗಿ ಕಂಡು ಪಿಡಿಎಫ್ ಮಾತ್ರ ಸರಿಯಾಗಿ ಬಂದರೆ ತಪ್ಪು ಡ್ರಾಯಿಂಗಿನದಲ್ಲ. ರೀಜೆನ್‌ಆಲ್ ಕೊಡಿ, ಹೋಗದಿದ್ದರೆ ಗ್ರಾಫಿಕ್ಸ್‌ಕಾನ್ಫಿಗ್‌ನಲ್ಲಿ ಹಾರ್ಡ್‌ವೇರ್ ಆಕ್ಸಿಲರೇಷನ್ ಆಫ್ ಮಾಡಿ ನೋಡಿ.

ಕ್ಲಿಪ್ ಮಾಡಿದರೂ ಭಾರ ಇಳಿಯಲಿಲ್ಲ

ಇಳಿಯುವುದಿಲ್ಲ. ರಟ್ಟಿನ ಹಿಂದೆ ಫೋಟೊ ಪೂರ್ತಿ ಇದೆ ಎಂದೆನಲ್ಲ. ಒಂದು ಮೀಟರ್ ಉದ್ದ, 70 ಸೆಂಟಿಮೀಟರ್ ಅಗಲದ ನಕ್ಷೆಯನ್ನು ಇಂಚಿಗೆ 600 ಬಿಂದುಗಳಂತೆ ಬಣ್ಣದಲ್ಲಿ ಸ್ಕ್ಯಾನ್ ಮಾಡಿಸಿದರೆ ಸುಮಾರು 39 ಕೋಟಿ ಬಿಂದುಗಳು. ಕುಗ್ಗಿಸದ ಟಿಫ್ ಒಂದು ಗಿಗಾಬೈಟ್ ದಾಟುತ್ತದೆ. ಅದರಲ್ಲಿ ನಮಗೆ ಬೇಕಾದದ್ದು ಅಂಗೈಯಗಲದ ಒಂದು ಸರ್ವೆ ನಂಬರು. ಅದೇ ಹಾಳೆಯನ್ನು 300ರಲ್ಲಿ, ಬರೀ ಕಪ್ಪು ಬಿಳುಪಿನಲ್ಲಿ ಮಾಡಿಸಿದರೆ ಸುಮಾರು 12 ಮೆಗಾಬೈಟ್. ಗೆರೆಗಳಿಗೆ ಅಷ್ಟು ಸಾಕು. ಚಿತ್ರ ತಿದ್ದುವ ತಂತ್ರಾಂಶದಲ್ಲಿ ಕತ್ತರಿಸಿ ತಂದರೆ ಇನ್ನೂ ಹಗುರ.

ಎಕ್ಸ್‌ರೆಫ್ ಭಾರವಾಗಿದ್ದರೆ ಒಂದು ದಾರಿ ಇದೆ, ಬಳಸುವವರು ಕಡಿಮೆ. ಮೂಲ ಕಡತದಲ್ಲಿ ಇಂಡೆಕ್ಸ್‌ಸಿಟಿಎಲ್ 2 ಮಾಡಿ ಉಳಿಸಿದರೆ ಎಲ್ಲೆಲ್ಲಿ ಏನಿದೆ ಎಂಬ ಪಟ್ಟಿ ಅದರಲ್ಲಿ ಸೇರುತ್ತದೆ. ನಮ್ಮ ಕಡೆ ಎಕ್ಸ್‌ಲೋಡ್‌ಸಿಟಿಎಲ್ ಎಂದಿನಂತೆ 2 ಇದ್ದರೆ ಕ್ಲಿಪ್ಪಿನೊಳಗಿನ ಭಾಗವನ್ನಷ್ಟೇ ಓದಿಕೊಳ್ಳುತ್ತದೆ.

ಚಿಂತಾಮಣಿಯ ಗ್ರಾಹಕರೊಬ್ಬರು ಹಳೆಯ ಗ್ರಾಮ ನಕ್ಷೆಯ ತಲೆಬರಹ ಕಾಣದಂತೆ ಮಾಡಿ ಎಂದಿದ್ದರು. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗುವ ಮೊದಲಿನ ನಕ್ಷೆ, ಅದರಲ್ಲಿ ಕೋಲಾರ ಜಿಲ್ಲೆ ಎಂದಿತ್ತು. ಕ್ಲಿಪ್ ಮಾಡಿ ಮರೆಮಾಡಿದೆವು. ಅದೇ ಡ್ರಾಯಿಂಗಿನಲ್ಲಿ ಸರ್ವೆಯನ್ನೂ ಅವರ ನಿವೇಶನಗಳಷ್ಟಕ್ಕೆ ಕ್ಲಿಪ್ ಮಾಡಿ, ಬೈಂಡ್ ಮಾಡಿ (ಎಕ್ಸ್‌ರೆಫನ್ನು ಡ್ರಾಯಿಂಗಿನೊಳಗೇ ಸೇರಿಸಿ), ಡಿಡಬ್ಲ್ಯುಜಿ ಕೊಟ್ಟೆವು. ಕೊಳ್ಳಲು ಬಂದವರ ಕಡೆಯ ಎಂಜಿನಿಯರ್ ಅದನ್ನು ಎಕ್ಸ್‌ಪ್ಲೋಡ್ ಮಾಡಿದ, ಅಂದರೆ ಬಿಡಿ ಗೆರೆಗಳಾಗಿ ಒಡೆದ. ಎಕ್ಸ್‌ಪ್ಲೋಡ್ ಮಾಡಿದರೆ ಕ್ಲಿಪ್ ಉಳಿಯುವುದಿಲ್ಲ. ಅಡಗಿದ್ದೆಲ್ಲ ಹೊರಗೆ ಬಂತು, ಪಕ್ಕದ ನಿವೇಶನಗಳ ಮೇಲೆ ಬೇರೆಯವರ ಕೈ ಬರೆದಿಟ್ಟಿದ್ದ ಮುಂಗಡ ಹಣದ ಲೆಕ್ಕ ಸಹಿತ. ಅಂದಿನಿಂದ ಹೊರಗೆ ಡಿಡಬ್ಲ್ಯುಜಿ ಕೊಡಲೇಬೇಕಾದರೆ ಸರ್ವೆಯ ಒಂದು ನಕಲು ತೆರೆದು, ಕ್ಲಿಪ್ಪಿನ ಹೊರಗೆ ಬೀಳುವ ಗೆರೆಗಳನ್ನು ನಿಜವಾಗಿಯೂ ಟ್ರಿಮ್ ಮಾಡಿ ಅಳಿಸಿ, ಬಳಕೆಯಿಲ್ಲದೆ ಉಳಿದ ಲೇಯರು, ಬ್ಲಾಕುಗಳನ್ನು ತೆಗೆಯುವ ಪರ್ಜ್ ಕೊಟ್ಟು, ಆಮೇಲೆ ಕಳಿಸುತ್ತೇವೆ. ಒಂದು ಮಧ್ಯಾಹ್ನದ ಕೆಲಸ.